ಒಳಫೋಲ್ಡರ್‌ಗಳಲ್ಲಿರುವ ಕನ್ನಡ ಪದ ಗ್ರೆಪ್‌ಗೆ ಸಿಗುತ್ತಿಲ್ಲ: ಎಲ್ಲಿ ತಪ್ಪುತ್ತಿದ್ದೇನೆ?

ಪ್ರಶ್ನೆ

ನಮಸ್ಕಾರ. ಕೋಲಾರ ಜಿಲ್ಲೆಯ ಕೆರೆಗಳ ಬಗ್ಗೆ ಊರಿನ ಹಿರಿಯರು ಹೇಳುವ ಮಾತುಗಳನ್ನು ಧ್ವನಿಮುದ್ರಿಸಿಕೊಂಡು, ಅದನ್ನು ಅಕ್ಷರಕ್ಕಿಳಿಸಿ ಇಡುವ ಕೆಲಸವನ್ನು ನಾನು ಮತ್ತು ನಾಲ್ವರು ಗೆಳತಿಯರು ಕೆಲವು ವರ್ಷಗಳಿಂದ ಮಾಡುತ್ತಿದ್ದೇವೆ. ಎಲ್ಲವೂ ಸಾಮಾನ್ಯ ಟೆಕ್ಸ್ಟ್ ಕಡತಗಳು. ತಾಲ್ಲೂಕಿಗೊಂದು ಫೋಲ್ಡರ್, ಅದರೊಳಗೆ ಊರಿಗೊಂದು, ಅದರೊಳಗೆ ನಾವು ಹೋಗಿಬಂದ ದಿನಕ್ಕೊಂದು ಹೀಗೆ ಜೋಡಿಸಿದ್ದೇವೆ. ಒಬ್ಬೊಬ್ಬರು ಒಂದೊಂದು ಕಂಪ್ಯೂಟರಿನಲ್ಲಿ ಟೈಪ್ ಮಾಡಿದ್ದು, ಈಗ ಎಲ್ಲವನ್ನೂ ನನ್ನ ಉಬುಂಟು ಲ್ಯಾಪ್‌ಟಾಪಿನಲ್ಲಿ ಒಂದೆಡೆ ಸೇರಿಸಿದ್ದೇನೆ.

ಕೆರೆಯ ತೂಬನ್ನು ತೆಗೆದು ಮುಚ್ಚಿ, ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುತ್ತಿದ್ದ ನೀರುಗಂಟಿಗಳ ಬಗ್ಗೆ ಒಂದು ಅಧ್ಯಾಯ ಬರೆಯುತ್ತಿದ್ದೇನೆ. ಆ ಪದ ಎಲ್ಲೆಲ್ಲಿ ಬಂದಿದೆ ಎಂದು ತಿಳಿಯಲು ಮೇಲಿನ ಫೋಲ್ಡರಿನಲ್ಲಿ ನಿಂತು, ಕಡತಗಳೊಳಗೆ ಪದ ಹುಡುಕುವ ಗ್ರೆಪ್ ಎಂಬ ಕಮಾಂಡನ್ನು ಟರ್ಮಿನಲ್‌ನಲ್ಲಿ ಹೀಗೆ ಕೊಟ್ಟೆ (ಇಲ್ಲಿ ಓದಲು ಸುಲಭವಾಗಲೆಂದು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ):

ಗ್ರೆಪ್ -ಆರ್ 'ನೀರುಗಂಟಿ' *.ಟಿಎಕ್ಸ್‌ಟಿ

ಸಿಕ್ಕಿದ್ದು ಬೆರಳೆಣಿಕೆಯಷ್ಟು ಸಾಲುಗಳು ಮಾತ್ರ, ಅವೂ ಮೇಲಿನ ಫೋಲ್ಡರಿನಲ್ಲೇ ಬಿಡಿಯಾಗಿ ಬಿದ್ದಿದ್ದ ಕಡತಗಳಿಂದ. ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳಿಂದ ಒಂದು ಸಾಲೂ ಬರಲಿಲ್ಲ. ನಾನು ಅದನ್ನು ನಂಬಿ, ಪೂರ್ವದ ಊರುಗಳಲ್ಲಿ ನೀರುಗಂಟಿಯ ನೆನಪು ಬಹಳ ಹಿಂದೆಯೇ ಅಳಿದಿದೆ ಎಂದು ಕರಡಿನಲ್ಲಿ ಬರೆದೂಬಿಟ್ಟೆ. ಆಮೇಲೆ ಒಂದು ದಿನ ಬೇರೆ ಕಾರಣಕ್ಕೆ ಮುಳಬಾಗಿಲಿನ ಒಂದು ಕಡತ ತೆರೆದರೆ, ಅಲ್ಲಿ ಅಜ್ಜಿಯೊಬ್ಬರು ತಮ್ಮ ಮಾವನವರು ನೀರುಗಂಟಿಯಾಗಿದ್ದ ಕಾಲದ ಸಂಗತಿಯನ್ನು ಎರಡು ಪುಟ ಹೇಳಿದ್ದಾರೆ. ಪದ ಕಣ್ಣೆದುರಿಗೇ ಇದೆ, ಆದರೂ ಗ್ರೆಪ್ ಅದನ್ನು ತೋರಿಸುತ್ತಿಲ್ಲ. ಈಗ ನನ್ನ ಕರಡಿನ ಯಾವ ವಾಕ್ಯವನ್ನು ನಂಬಬೇಕೋ ತಿಳಿಯದಾಗಿದೆ. ದಯವಿಟ್ಟು ಬಲ್ಲವರು ವಿವರವಾಗಿ ಹೇಳಬೇಕೆಂದು ಕೋರುತ್ತೇನೆ.

ಉತ್ತರ

ನಿಮ್ಮ ಕಮಾಂಡಿನಲ್ಲಿ ಪದ ಸರಿಯಿದೆ, ಆರ್ ಸರಿಯಿದೆ. ಕೊನೆಯಲ್ಲಿರುವ ನಕ್ಷತ್ರವೇ ತೊಂದರೆ. ನೀವು ಎಂಟರ್ ಒತ್ತಿದೊಡನೆ ಆ ನಕ್ಷತ್ರವನ್ನು ಮೊದಲು ಓದುವುದು ಗ್ರೆಪ್ ಅಲ್ಲ, ಶೆಲ್ (ನೀವು ಟೈಪಿಸಿದ ಕಮಾಂಡನ್ನು ಓದಿ ನಡೆಸುವ ತಂತ್ರಾಂಶ). ನೀವು ನಿಂತಿರುವ ಫೋಲ್ಡರಿನಲ್ಲಿ ಆ ಕೊನೆಯುಳ್ಳ ಕಡತಗಳು ಯಾವುವಿವೆ ಎಂದು ಶೆಲ್ ನೋಡಿ, ನಕ್ಷತ್ರವಿದ್ದ ಜಾಗದಲ್ಲಿ ಆ ಹೆಸರುಗಳನ್ನು ಬರೆದು, ಆ ಮೇಲೆ ಗ್ರೆಪ್‌ನ ಕೈಗೆ ಕೊಡುತ್ತದೆ. ಹೀಗಾಗಿ ಗ್ರೆಪ್‌ಗೆ ತಲುಪಿದ್ದು ಮೇಲಿನ ನಾಲ್ಕಾರು ಕಡತಗಳ ಹೆಸರು ಮಾತ್ರ. ಒಳಗಿಳಿದು ಹುಡುಕು ಎಂದು ಆರ್ ಹೇಳುತ್ತದೆ ನಿಜ, ಆದರೆ ಕೊಟ್ಟ ಪಟ್ಟಿಯಲ್ಲಿ ಫೋಲ್ಡರ್ ಒಂದೂ ಇಲ್ಲದಿದ್ದರೆ ಇಳಿಯುವುದಾದರೂ ಎಲ್ಲಿಗೆ? ಮೇಲಿನ ಫೋಲ್ಡರಿನಲ್ಲಿ ಅಂತಹ ಕಡತ ಒಂದೂ ಇರದಿದ್ದರೆ 'ಅಂತಹ ಕಡತವಿಲ್ಲ' ಎಂಬ ದೂರು ಬಂದು ನಿಮಗೆ ಅಂದೇ ಅನುಮಾನ ಹುಟ್ಟುತ್ತಿತ್ತು. ಕೆಲವು ಕಡತಗಳು ಅಲ್ಲಿ ಬಿಡಿಯಾಗಿ ಇದ್ದುದರಿಂದಲೇ ತಪ್ಪು ಮರೆಯಾಗಿ ಉಳಿಯಿತು.

ಸರಿಯಾದ ರೂಪ ಇದು:

ಗ್ರೆಪ್ -ಆರ್ -ಎನ್ --ಇನ್‌ಕ್ಲೂಡ್='*.ಟಿಎಕ್ಸ್‌ಟಿ' 'ನೀರುಗಂಟಿ' .

ನಿಮ್ಮಂತೆ ನಾನೂ ಕನ್ನಡ ಅಕ್ಷರದಲ್ಲೇ ಬರೆಯುತ್ತಿದ್ದೇನೆ. ಟೈಪಿಸುವಾಗ ಹುಡುಕುವ ಪದವೊಂದನ್ನು ಬಿಟ್ಟು ಉಳಿದದ್ದೆಲ್ಲ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿರಲಿ, ದೊಡ್ಡ ಅಕ್ಷರ ಬೇಕಾದಲ್ಲಿ ಬೇರೆಯಾಗಿ ಹೇಳುತ್ತೇನೆ. ಕೊನೆಯ ಚುಕ್ಕೆ ಎಂದರೆ ನೀವು ಈಗ ಇರುವ ಫೋಲ್ಡರ್. ಅಲ್ಲಿಂದ ಗ್ರೆಪ್ ಎಷ್ಟು ಆಳಕ್ಕಾದರೂ ಇಳಿಯುತ್ತದೆ. ಇನ್‌ಕ್ಲೂಡ್ ಎಂಬುದು ಹೀಗೆ ಇಳಿಯುವಾಗ ಯಾವ ಹೆಸರಿನ ಕಡತಗಳನ್ನು ಮಾತ್ರ ತೆರೆಯಬೇಕೆಂದು ತಿಳಿಸುತ್ತದೆ. ನಕ್ಷತ್ರದ ಸುತ್ತಲಿನ ಉದ್ಧರಣ ಚಿಹ್ನೆಯನ್ನು ಬಿಡಬೇಡಿ, ಏಕೆಂದರೆ ಅದಿದ್ದರೆ ಮಾತ್ರ ಶೆಲ್ ಆ ನಕ್ಷತ್ರವನ್ನು ಮುಟ್ಟದೆ ಹಾಗೆಯೇ ಗ್ರೆಪ್‌ಗೆ ದಾಟಿಸುತ್ತದೆ. ಎನ್ ಕೊಟ್ಟರೆ ಸಾಲಿನ ಸಂಖ್ಯೆ ಬರುತ್ತದೆ, ಅಡಿಟಿಪ್ಪಣಿ ಬರೆಯುವವರಿಗೆ ಅದು ಬೇಕೇ ಬೇಕು.

ಇಷ್ಟಾದ ಮೇಲೂ ತಪ್ಪಿಹೋಗುವ ಕಡತಗಳು ಇರಬಹುದು. ಇನ್‌ಕ್ಲೂಡ್ ದೊಡ್ಡ ಮತ್ತು ಸಣ್ಣ ಅಕ್ಷರಗಳನ್ನು ಬೇರೆಯೆಂದೇ ಎಣಿಸುವುದರಿಂದ, ಹಳೆಯ ಕಂಪ್ಯೂಟರುಗಳಿಂದ ದೊಡ್ಡ ಅಕ್ಷರದ ಕೊನೆಯೊಂದಿಗೆ ಬಂದ ಕಡತಗಳನ್ನು ಅದು ತೆರೆಯುವುದೇ ಇಲ್ಲ. ಅಂತಹವು ಇದ್ದರೆ ಇನ್‌ಕ್ಲೂಡನ್ನು ಎರಡು ಸಲ, ಒಮ್ಮೆ ಸಣ್ಣ ಅಕ್ಷರದಲ್ಲಿ ಒಮ್ಮೆ ದೊಡ್ಡ ಅಕ್ಷರದಲ್ಲಿ ಕೊಡಿ. ಇನ್ನೊಂದು ಸಂಗತಿ ಕೊಂಡಿಗಳದ್ದು. ಯಾವುದಾದರೂ ತಾಲ್ಲೂಕಿನ ಫೋಲ್ಡರ್ ನಿಜವಾಗಿ ಬೇರೆ ಡಿಸ್ಕಿನಲ್ಲಿದ್ದು, ಇಲ್ಲಿ ಅದಕ್ಕೊಂದು ಸಾಂಕೇತಿಕ ಕೊಂಡಿ ಮಾತ್ರ ಇದ್ದರೆ, ಸಣ್ಣ ಆರ್ ದಾರಿಯಲ್ಲಿ ಎದುರಾಗುವ ಅಂತಹ ಕೊಂಡಿಯನ್ನು ದಾಟುವುದಿಲ್ಲ. ದೊಡ್ಡ ಆರ್ ದಾಟುತ್ತದೆ. ನಿಮ್ಮಲ್ಲಿ ಕೊಂಡಿಗಳಿವೆಯೇ ಎಂದು ತಿಳಿಯಲು 'ಫೈಂಡ್ . -ಟೈಪ್ ಎಲ್' ಎಂದು ಕೊಟ್ಟು ನೋಡಿ.

ಫೈಂಡ್‌ನ ಹೆಸರು ಬಂದುದರಿಂದ ಒಂದು ಮಾತು. ಗ್ರೆಪ್ ಮೊದಲು ಕಾಣಿಸಿಕೊಂಡದ್ದು 1973ರ ಯುನಿಕ್ಸ್ ನಾಲ್ಕನೆಯ ಆವೃತ್ತಿಯಲ್ಲಿ. ಕೆನ್ ಥಾಂಪ್ಸನ್ ಅವರು ಇಡಿ ಎಂಬ ಸಂಪಾದಕ ತಂತ್ರಾಂಶದೊಳಗಿನ ಹುಡುಕುವ ಭಾಗವನ್ನು ಬಿಡಿಸಿ ಅದನ್ನು ಪ್ರತ್ಯೇಕ ಉಪಕರಣವಾಗಿ ಮಾಡಿದರು. ಆಗ ಅದಕ್ಕೆ ಫೋಲ್ಡರಿನೊಳಗೆ ಇಳಿಯಲು ಬರುತ್ತಿರಲಿಲ್ಲ. ಕೊಟ್ಟ ಕಡತವನ್ನು ಸಾಲು ಸಾಲಾಗಿ ಓದುವುದಷ್ಟೇ ಅದರ ಕೆಲಸ. ಇಳಿದು ಕಡತಗಳನ್ನು ಹೆಕ್ಕಿ ತರುವುದು ಫೈಂಡ್‌ನ ಕೆಲಸವಾಗಿತ್ತು. ಕಡತಗಳನ್ನು ದಿನಾಂಕ, ಗಾತ್ರ ಮುಂತಾದವುಗಳಿಂದ ಆರಿಸಬೇಕಾದಾಗ ಇಂದಿಗೂ ಆ ಹಳೆಯ ಜೋಡಿಯೇ ಹೆಚ್ಚು ಅನುಕೂಲ:

ಫೈಂಡ್ . -ಟೈಪ್ ಎಫ್ -ಐನೇಮ್ '*.ಟಿಎಕ್ಸ್‌ಟಿ' -ಎಕ್ಸೆಕ್ ಗ್ರೆಪ್ -ಎಚ್ -ಎನ್ 'ನೀರುಗಂಟಿ' {} +

ಇಲ್ಲಿ ಎಚ್ ದೊಡ್ಡ ಅಕ್ಷರದ್ದು, ಅದು ಪ್ರತಿ ಸಾಲಿನ ಮುಂದೆ ಕಡತದ ಹೆಸರನ್ನು ಹಾಕುತ್ತದೆ. ಐನೇಮ್ ದೊಡ್ಡ ಸಣ್ಣ ಅಕ್ಷರಗಳ ಭೇದ ಮಾಡುವುದಿಲ್ಲ. ಫೈಂಡ್ ಕೊಟ್ಟ ಪಟ್ಟಿಯನ್ನು ಎಕ್ಸ್‌ಆರ್ಗ್ಸ್ ಎಂಬ ಇನ್ನೊಂದು ಕಮಾಂಡಿಗೆ ಹರಿಸುವ ರೂಢಿಯೂ ಇದೆ, ಆದರೆ ನಿಮ್ಮ ಫೋಲ್ಡರ್‌ಗಳ ಹೆಸರಿನ ನಡುವೆ ಖಾಲಿ ಜಾಗವಿದ್ದರೆ ಒಂದು ಹೆಸರು ಎರಡಾಗಿ ಒಡೆದು ಕಡತ ತಪ್ಪಿಹೋಗುತ್ತದೆ. ಮೇಲಿನ ರೂಪದಲ್ಲಿ ಆ ಅಪಾಯವಿಲ್ಲ.

ಪ್ರಶ್ನಿಸಿದವರು

ತುಂಬಾ ಧನ್ಯವಾದಗಳು. ನಕ್ಷತ್ರದ ಸಂಗತಿ ಈಗ ಮನವರಿಕೆಯಾಯಿತು. ಹೊಸ ಕಮಾಂಡಿನಿಂದ ಮಾಲೂರು, ಬಂಗಾರಪೇಟೆ ಮತ್ತು ಕೋಲಾರ ತಾಲ್ಲೂಕುಗಳ ಸಾಲುಗಳೆಲ್ಲ ಬಂದವು, ಶ್ರೀನಿವಾಸಪುರದಿಂದಲೂ ಕೆಲವು ಬಂದವು. ಕೊಂಡಿಗಳು ಇಲ್ಲ. ಆದರೆ ಆ ಅಜ್ಜಿಯ ಕಡತ ಮಾತ್ರ ಇನ್ನೂ ಬಂದಿಲ್ಲ, ಮುಳಬಾಗಿಲಿನ ಬಹುತೇಕ ಫೋಲ್ಡರ್‌ಗಳು ಇನ್ನೂ ಮೌನವಾಗಿಯೇ ಇವೆ. ಕಡತದ ಹೆಸರನ್ನೇ ನೇರವಾಗಿ ಕೊಟ್ಟು ಹುಡುಕಿದರೂ ಉತ್ತರ ಶೂನ್ಯ.

ಇನ್ನೊಂದು ಉತ್ತರ

ಹೆಸರನ್ನೇ ಕೊಟ್ಟಾಗಲೂ ಸಿಗಲಿಲ್ಲವೆಂದರೆ ತೊಂದರೆ ಇನ್ನು ಫೋಲ್ಡರಿನದ್ದಲ್ಲ, ಕಡತದ ಒಳಗಿನ ಅಕ್ಷರಗಳದ್ದು. ಹಳೆಯ ಕನ್ನಡ ಕಡತಗಳ ನಡುವೆ ಬಹಳ ವರ್ಷ ಕೆಲಸ ಮಾಡಿದ್ದರಿಂದ ಈ ಭಾಗವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ, ಏಕೆಂದರೆ ಇಂಗ್ಲಿಷ್ ಕಡತಗಳಿಗಾಗಿ ಬರೆದ ಕೈಪಿಡಿಗಳಲ್ಲಿ ಇದು ಸಾಮಾನ್ಯವಾಗಿ ಸಿಗುವುದಿಲ್ಲ.

ಗ್ರೆಪ್‌ಗೆ ಕನ್ನಡ ಓದಲು ಬರುವುದಿಲ್ಲ. ಅದು ಹೋಲಿಸುವುದು ಸಂಖ್ಯೆಗಳನ್ನು. ನೀವು ಟರ್ಮಿನಲ್‌ನಲ್ಲಿ ಟೈಪಿಸಿದ ಪದ ಯುಟಿಎಫ್-8 ಕ್ರಮದಲ್ಲಿ ಬೈಟುಗಳಾಗಿ ಹೋಗುತ್ತದೆ, ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟು. ಕಡತದೊಳಗೂ ಅದೇ ಬೈಟುಗಳು ಅದೇ ಕ್ರಮದಲ್ಲಿ ಇದ್ದರೆ ಮಾತ್ರ ಪದ ಸಿಗುತ್ತದೆ. ಪರದೆಯ ಮೇಲೆ ಒಂದೇ ರೀತಿ ಕಾಣುವ ಎರಡು ಪದಗಳು ಒಳಗೆ ಬೇರೆಬೇರೆ ಬೈಟುಗಳಾಗಿರುವುದು ನಮ್ಮ ಭಾಷೆಯಲ್ಲಿ ಬಹಳ ಸುಲಭವಾಗಿ ಆಗುವ ಸಂಗತಿ. (ಗ್ರೆಪ್ ಬರೆದ ಕೆನ್ ಥಾಂಪ್ಸನ್ ಅವರೇ 1992ರಲ್ಲಿ ರಾಬ್ ಪೈಕ್ ಅವರೊಡನೆ ಯುಟಿಎಫ್-8 ಅನ್ನು ರೂಪಿಸಿದವರು ಎಂಬುದನ್ನು ನೆನೆದರೆ ನನಗೆ ಇಂದಿಗೂ ಸಂತೋಷವಾಗುತ್ತದೆ; ಕನ್ನಡದ ಪಠ್ಯವನ್ನು ಒಂದು ಹಳೆಯ ಉಪಕರಣದಿಂದ ಹುಡುಕಲು ಸಾಧ್ಯವಾಗಿರುವುದು ಆ ಎರಡೂ ಕೆಲಸಗಳು ಸೇರಿದ್ದರಿಂದ.)

ಮೊದಲು ಗ್ರೆಪ್ ಯಾವ ಕಡತಗಳನ್ನು ಕನ್ನಡವೆಂದು ಗುರುತಿಸಲಾರದೋ ಅವುಗಳ ಪಟ್ಟಿ ಮಾಡಿ. ಅದಕ್ಕೆ ನಾನು ಬಳಸುವ ದಾರಿ ಸರಳವಾದದ್ದು. ಕನ್ನಡದಲ್ಲಿ ಒಂದು ಪುಟ ಬರೆದರೆ ಅದರಲ್ಲಿ ಒತ್ತಕ್ಷರ ಬಾರದೇ ಇರುವುದಿಲ್ಲ, ಮತ್ತು ಪ್ರತಿ ಒತ್ತಕ್ಷರದ ಒಳಗೂ ಹಲಂತದ ಗುರುತು ಅಡಗಿರುತ್ತದೆ. ಆದ್ದರಿಂದ ಆ ಗುರುತೊಂದನ್ನೇ ಹುಡುಕಿ, ಅದು ಸಿಗದ ಕಡತಗಳ ಹೆಸರು ಕೊಡು ಎಂದು ಕೇಳಿದರೆ ಸಾಕು:

ಗ್ರೆಪ್ -ಆರ್ --ಫೈಲ್ಸ್-ವಿದೌಟ್-ಮ್ಯಾಚ್ --ಇನ್‌ಕ್ಲೂಡ್='*.ಟಿಎಕ್ಸ್‌ಟಿ' '್' .

ಕಗಪ ಕೀಲಿಮಣೆ ವಿನ್ಯಾಸದಲ್ಲಿ ಎಫ್ ಕೀಲಿಯನ್ನು ಒತ್ತಿದರೆ ಈ ಗುರುತು ಬರುತ್ತದೆ, ಇನ್‌ಸ್ಕ್ರಿಪ್ಟ್‌ನಲ್ಲಿ ಡಿ ಕೀಲಿ. ಪಟ್ಟಿಯಲ್ಲಿ ಬರುವ ಕಡತಗಳನ್ನು ಇದುವರೆಗೆ ನೀವು ಹುಡುಕಿಯೇ ಇಲ್ಲವೆಂದು ತಿಳಿಯಿರಿ. ಅವುಗಳಲ್ಲಿ ಯಾವ ಪದವನ್ನು ಕೇಳಿದರೂ ಗ್ರೆಪ್ ಇಲ್ಲವೆಂದೇ ಹೇಳುತ್ತದೆ, ಎಚ್ಚರಿಕೆಯ ಒಂದು ಸಾಲನ್ನೂ ಬರೆಯುವುದಿಲ್ಲ.

ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಎರಡು ಜಾತಿಯ ಕಡತಗಳಿರುತ್ತವೆ. ಒಂದು, ಯುಟಿಎಫ್-16 ಎಂಬ ಇನ್ನೊಂದು ಸಂಕೇತಕ್ರಮದಲ್ಲಿ ಉಳಿಸಿದವು. ಹಳೆಯ ವಿಂಡೋಸ್‌ನ ನೋಟ್‌ಪ್ಯಾಡಿನಲ್ಲಿ ಕನ್ನಡ ಬರೆದು ಉಳಿಸುವಾಗ 'ಯುನಿಕೋಡ್' ಎಂಬ ಆಯ್ಕೆಯನ್ನು ಆರಿಸಿದರೆ ಸಿಗುತ್ತಿದ್ದುದು ಯುಟಿಎಫ್-16. ನೋಟ್‌ಪ್ಯಾಡ್ ತಾನಾಗಿ ಯುಟಿಎಫ್-8ರಲ್ಲಿ ಉಳಿಸತೊಡಗಿದ್ದು 2019ರಲ್ಲಿ ಬಂದ ವಿಂಡೋಸ್ 10ರ 1903 ಆವೃತ್ತಿಯಿಂದ. ಯುಟಿಎಫ್-16ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ ಎರಡೇ ಬೈಟು, ಹಾಗಾಗಿ ನಿಮ್ಮ ಪದದ ಬೈಟುಗಳು ಅಲ್ಲಿ ಹೊಂದುವ ಸಂಭವವೇ ಇಲ್ಲ. ಎಡಿಟರ್ ಮಾತ್ರ ಕಡತದ ಆರಂಭದ ಗುರುತನ್ನು ನೋಡಿ ತಾನೇ ಅರ್ಥಮಾಡಿಕೊಂಡು ಪದವನ್ನು ಸರಿಯಾಗಿ ತೋರಿಸುತ್ತದೆ, ನಾವು ಮೋಸಹೋಗುವುದು ಅಲ್ಲೇ. 'ಫೈಲ್ -ಐ' ಎಂದು ಕೊಟ್ಟು ಕಡತದ ಹೆಸರನ್ನು ಹೇಳಿದರೆ ಅದು ಯಾವ ಸಂಕೇತಕ್ರಮದಲ್ಲಿದೆ ಎಂದು ತಿಳಿಯುತ್ತದೆ. ಪರಿವರ್ತನೆ ಹೀಗೆ:

ಐಕಾನ್ವ್ -ಎಫ್ ಯುಟಿಎಫ್-16 -ಟಿ ಯುಟಿಎಫ್-8 ಹಳೆಯಕಡತ > ಹೊಸಕಡತ

ಹೊಸ ಕಡತಕ್ಕೆ ಹಳೆಯದರ ಹೆಸರನ್ನೇ ಎಂದಿಗೂ ಕೊಡಬೇಡಿ. ಐಕಾನ್ವ್ ಓದಲು ಆರಂಭಿಸುವ ಮೊದಲೇ ಶೆಲ್ ಆ ಕಡತವನ್ನು ಖಾಲಿ ಮಾಡಿಬಿಡುತ್ತದೆ, ಹಿರಿಯರ ಮಾತು ಮತ್ತೆ ಸಿಗುವುದಿಲ್ಲ.

ಎರಡನೆಯ ಜಾತಿ, ಯುನಿಕೋಡ್‌ಗಿಂತ ಮೊದಲಿನ ನುಡಿ ಅಥವಾ ಬರಹ ಫಾಂಟುಗಳಲ್ಲಿ ಬರೆದವು. ಸಾಮಾನ್ಯ ಎಡಿಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳೂ ತಲೆಯ ಮೇಲೆ ಗೆರೆ, ಕೊಂಬು ಇರುವ ಯುರೋಪಿನ ಅಕ್ಷರಗಳೂ ಸಾಲುಗಟ್ಟಿ ಕಾಣುತ್ತವೆ. ಅವನ್ನು ಪರಿವರ್ತಕದಿಂದ ಯುನಿಕೋಡ್‌ಗೆ ತರದೆ ಹುಡುಕುವ ಪ್ರಯತ್ನ ಬೇಡ. ನಿಮ್ಮ ಅಜ್ಜಿಯ ಕಡತ ಇದಾಗಿರಲಾರದು, ಏಕೆಂದರೆ ಪದ ಕನ್ನಡದಲ್ಲೇ ಕಾಣಿಸಿತು ಎಂದು ಹೇಳಿದ್ದೀರಿ.

ಈಗ ಆ ಕಡತದ ವಿಷಯ. ಮೇಲಿನ ಪಟ್ಟಿಯಲ್ಲಿ ಅದು ಬಂದರೆ ಯುಟಿಎಫ್-16 ಎಂದು ಹೇಳಬಹುದು. ಬರದಿದ್ದರೆ ಕಡತ ಯುಟಿಎಫ್-8ರಲ್ಲೇ ಇದೆ, ಆದರೆ ಆ ಪದವನ್ನು ಕಟ್ಟಿದ ರೀತಿ ಬೇರೆ ಇದೆ. ಕಡತದಿಂದ ಪದವನ್ನು ಕಾಪಿ ಮಾಡಿ, ಅದು ಎಷ್ಟು ಬೈಟು ಎಂದು ಎಣಿಸಿ:

ಪ್ರಿಂಟ್‌ಎಫ್ 'ನೀರುಗಂಟಿ' | ಡಬ್ಲ್ಯುಸಿ -ಸಿ

ನೀವೇ ಟೈಪಿಸಿದ ಪದಕ್ಕೆ 24 ಬರಬೇಕು: ನ, 'ಈ' ಸ್ವರಚಿಹ್ನೆ, ರ, 'ಉ' ಸ್ವರಚಿಹ್ನೆ, ಗ, ಸೊನ್ನೆ, ಟ, ಗುಡಿಸು, ಒಟ್ಟು ಎಂಟು ಸಂಕೇತ, ತಲಾ ಮೂರು ಬೈಟು. ಕಡತದ ಪದಕ್ಕೆ 27 ಬಂದರೆ ಒಂದು ಸಂಕೇತ ಹೆಚ್ಚಿಗೆ ಇದೆ ಎಂದರ್ಥ. ಬಹುಮಟ್ಟಿಗೆ ಅದು 'ನೀ' ಅಕ್ಷರದಲ್ಲಿರುತ್ತದೆ. ಈ ಸ್ವರಚಿಹ್ನೆಯನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಗುಡಿಸು ಮತ್ತು ದೀರ್ಘದ ಗುರುತು ಎಂದು ಎರಡಾಗಿ ಬಿಡಿಸಿಯೂ ಬರೆಯಬಹುದು, ಕಣ್ಣಿಗೆ ವ್ಯತ್ಯಾಸವಿಲ್ಲ. ಏ, ಐ, ಒ ಸ್ವರಚಿಹ್ನೆಗಳೂ ಹೀಗೆಯೇ ಎರಡಾಗಿ ಒಡೆಯುತ್ತವೆ, ಓ ಚಿಹ್ನೆಯಂತೂ ಮೂರು ತುಂಡಾಗುತ್ತದೆ. ಅಂದರೆ ನಿಮ್ಮ ಅಧ್ಯಾಯಕ್ಕೆ ಬೇಕಾದ 'ಕೋಡಿ' ಎಂಬ ಪದ 12 ಬೈಟೂ ಆಗಿರಬಹುದು, 18 ಬೈಟೂ ಆಗಿರಬಹುದು. ಹಳೆಯ ಫಾಂಟುಗಳಲ್ಲಿ ಎತ್ವ, ಕೊಂಬು, ದೀರ್ಘ ಬೇರೆಬೇರೆ ಗುರುತುಗಳಾಗಿದ್ದುದರಿಂದ, ಅವನ್ನು ಯುನಿಕೋಡ್‌ಗೆ ತರುವಾಗ ಎಚ್ಚರವಿಲ್ಲದೆ ಒಂದೊಂದನ್ನೂ ಹಾಗೆಯೇ ಇಳಿಸಿದ ಪರಿವರ್ತನೆಗಳಲ್ಲಿ ಇಂತಹ ತುಂಡು ರೂಪಗಳು ಹೇರಳ.

ಇದಕ್ಕೆ ಪರಿಹಾರ ಎಲ್ಲವನ್ನೂ ಕೂಡಿದ ರೂಪಕ್ಕೆ ತರುವುದು. ಉಬುಂಟುವಿನಲ್ಲಿ ಐಸಿಯು-ಡೆವ್‌ಟೂಲ್ಸ್ ಎಂಬ ಪೊಟ್ಟಣವನ್ನು ಹಾಕಿಕೊಂಡರೆ ಯುಕಾನ್ವ್ ಎಂಬ ಉಪಕರಣ ಬರುತ್ತದೆ:

ಯುಕಾನ್ವ್ -ಎಫ್ ಯುಟಿಎಫ್-8 -ಟಿ ಯುಟಿಎಫ್-8 -ಎಕ್ಸ್ ಎನಿ-ಎನ್‌ಎಫ್‌ಸಿ ಹಳೆಯಕಡತ > ಹೊಸಕಡತ

ಮೂಲವನ್ನು ಮುಟ್ಟದೆ, ಅದೇ ಫೋಲ್ಡರ್ ರಚನೆಯ ಒಂದು ನಕಲನ್ನು ಹುಡುಕಾಟಕ್ಕೆಂದೇ ಬೇರೆ ಮಾಡಿಕೊಂಡು, ಅಲ್ಲಿ ಇಂತಹ ಬದಲಾವಣೆಗಳನ್ನು ಮಾಡುವುದು ನನ್ನ ಪದ್ಧತಿ. ನಾಳೆ ಯಾರಾದರೂ ನಿಮ್ಮ ಲಿಪ್ಯಂತರದ ಒಂದು ಅಕ್ಷರದ ಬಗ್ಗೆ ಪ್ರಶ್ನೆ ಎತ್ತಿದರೆ, ಟೈಪಿಸಿದವರ ಕೈಯಿಂದ ಬಂದ ಕಡತ ಹಾಗೆಯೇ ಇರಬೇಕು.

ಬೈಟು 24 ಬಂದರೂ ಪದ ಸಿಗದಿದ್ದರೆ ಸೊನ್ನೆಯನ್ನು ನೋಡಿ. ಅನುಸ್ವಾರದ ಬದಲು ಕನ್ನಡದ ಅಂಕಿ ಸೊನ್ನೆಯನ್ನು ಒತ್ತಿ 'ಗ೦ಟಿ' ಎಂದು ಬರೆಯುವವರು ಬಹಳ ಮಂದಿ ಇದ್ದಾರೆ. ಎರಡಕ್ಕೂ ಮೂರು ಮೂರು ಬೈಟೇ ಆದ್ದರಿಂದ ಎಣಿಕೆಯಿಂದ ಇದು ತಿಳಿಯದು, ಮೇಲೆ ಹೇಳಿದ ಯುಕಾನ್ವ್ ಕೂಡ ಇದನ್ನು ಸರಿಪಡಿಸದು, ಏಕೆಂದರೆ ಯುನಿಕೋಡ್‌ನ ದೃಷ್ಟಿಯಲ್ಲಿ ಒಂದು ಅನುಸ್ವಾರ, ಇನ್ನೊಂದು ಅಂಕಿ, ಎರಡೂ ಬೇರೆಯೇ. ಇದನ್ನು ಹುಡುಕುವ ಮಾದರಿಯಲ್ಲೇ ನಿಭಾಯಿಸಬೇಕು. ಜೊತೆಗೆ ನಿಮ್ಮ ಹಿರಿಯರು 'ನೀರಗಂಟಿ' ಎಂದೂ ಹೇಳಿರಬಹುದು. ಎರಡನ್ನೂ ಒಳಗೊಳ್ಳುವ ಮಾದರಿ ಇದು, ಇಲ್ಲಿ ಇ ದೊಡ್ಡ ಅಕ್ಷರದ್ದು:

ಗ್ರೆಪ್ -ಆರ್ -ಎನ್ -ಇ 'ನೀರು?ಗ[ಂ೦]ಟಿ' .

ಚೌಕ ಆವರಣದೊಳಗೆ ಅನುಸ್ವಾರವೂ ಅಂಕಿಯೂ ಇವೆ, ಎರಡರಲ್ಲಿ ಯಾವುದಿದ್ದರೂ ಆಗುತ್ತದೆ. ಪ್ರಶ್ನಾರ್ಥಕ ಚಿಹ್ನೆ ತನ್ನ ಹಿಂದಿನ ಒಂದು ಸಂಕೇತ ಇದ್ದರೂ ಇರಲಿ, ಇಲ್ಲದಿದ್ದರೂ ಇರಲಿ ಎನ್ನುತ್ತದೆ. ಗಮನಿಸಿ, ಇಲ್ಲಿ ಹಿಂದಿನ ಸಂಕೇತ 'ರು' ಅಲ್ಲ, ಬರಿಯ ಕೊಂಬು. ಸ್ವರಚಿಹ್ನೆ ಯಂತ್ರಕ್ಕೆ ಬೇರೆಯೇ ಸಂಕೇತ. ನಾವು ಒಂದು ಅಕ್ಷರವೆಂದು ಎಣಿಸುವ 'ಕ್ಷಿ' ಅದಕ್ಕೆ ನಾಲ್ಕು ಸಂಕೇತ. ಮಾದರಿಯಲ್ಲಿ ಚುಕ್ಕೆ ಬಳಸುವಾಗಲೂ ಈ ಲೆಕ್ಕವನ್ನೇ ನೆನಪಿಡಬೇಕು. ಇನ್ನೊಂದು ಷರತ್ತು, ನಿಮ್ಮ ಟರ್ಮಿನಲ್‌ನ ಭಾಷಾ ಪರಿಸರ ಯುಟಿಎಫ್-8 ಆಗಿರಬೇಕು ('ಲೊಕೇಲ್' ಎಂದು ಕೊಟ್ಟರೆ ತಿಳಿಯುತ್ತದೆ). ವೇಗ ಹೆಚ್ಚಲೆಂದು ಭಾಷಾ ಪರಿಸರವನ್ನು 'ಸಿ' ಎಂದು ಬದಲಾಯಿಸುವ ಸಲಹೆ ಹಲವೆಡೆ ಸಿಗುತ್ತದೆ. ಹಾಗೆ ಮಾಡಿದರೆ ನೇರವಾದ ಪದ ಸಿಗುತ್ತದಾದರೂ, ಪ್ರಶ್ನಾರ್ಥಕ ಚಿಹ್ನೆ ಕೊಂಬಿನ ಕೊನೆಯ ಒಂದು ಬೈಟಿಗೆ ಮಾತ್ರ ಅನ್ವಯವಾಗಿ, 'ನೀರಗಂಟಿ' ಸದ್ದಿಲ್ಲದೆ ಕೈತಪ್ಪುತ್ತದೆ.

ಮತ್ತೊಂದು ಉತ್ತರ

ಮೇಲಿನವರು ಹೇಳಿದ್ದನ್ನೆಲ್ಲ ಒಪ್ಪುತ್ತಾ, ಎರಡು ಸಂಗತಿ ಸೇರಿಸುತ್ತೇನೆ. ರಿಪ್‌ಗ್ರೆಪ್ ಎಂಬ ಹೊಸ ಉಪಕರಣ ಹೇಳದೆಯೇ ಒಳಫೋಲ್ಡರ್‌ಗಳಿಗೆ ಇಳಿಯುತ್ತದೆ, ಬಹಳ ವೇಗವಾಗಿದೆ, ಮತ್ತು ಆರಂಭದ ಗುರುತು ಇರುವ ಯುಟಿಎಫ್-16 ಕಡತಗಳನ್ನು ತಾನೇ ಗುರುತಿಸಿ ಓದುತ್ತದೆ. ಆ ಒಂದು ಗುಣಕ್ಕಾಗಿ ನಿಮ್ಮಂತಹ ಸಂಗ್ರಹಕ್ಕೆ ಅದು ಉಪಯುಕ್ತ. ಆದರೆ ಮೊದಲೇ ತಿಳಿದಿರಲಿ: ಚುಕ್ಕೆಯಿಂದ ಆರಂಭವಾಗುವ ಹೆಸರಿನ ಫೋಲ್ಡರ್‌ಗಳನ್ನು ಅದು ಬಿಟ್ಟುಬಿಡುತ್ತದೆ, ಸಂಗ್ರಹವನ್ನು ಗಿಟ್‌ನಲ್ಲಿ (ಕಡತಗಳ ಬದಲಾವಣೆಗಳ ದಾಖಲೆ ಇಡುವ ತಂತ್ರಾಂಶ) ಇಟ್ಟಿದ್ದರೆ ಗಿಟ್ ನಿರ್ಲಕ್ಷಿಸಬೇಕೆಂದು ಪಟ್ಟಿಮಾಡಿದ ಕಡತಗಳನ್ನೂ ಬಿಟ್ಟುಬಿಡುತ್ತದೆ. ತಂತ್ರಾಂಶ ಬರೆಯುವವರಿಗೆ ಇದು ಅನುಕೂಲವೇ, ಸಂಶೋಧಕರಿಗೆ ಮಾತ್ರ ಅಪಾಯ. 'ಆರ್‌ಜಿ --ಫೈಲ್ಸ್' ಎಂದು ಕೊಟ್ಟರೆ ಅದು ಯಾವ ಯಾವ ಕಡತಗಳನ್ನು ನೋಡಲಿದೆ ಎಂಬ ಪಟ್ಟಿ ಬರುತ್ತದೆ, ಈ ಎರಡು ಬಗೆಯವನ್ನೂ ಬಿಡದೆ ನೋಡಬೇಕಾದರೆ '-ಯುಯು' ಎಂದು ಸೇರಿಸಬೇಕು. ತುಂಡಾದ ಸ್ವರಚಿಹ್ನೆಗಳ ವಿಷಯದಲ್ಲಿ ಅದೂ ಗ್ರೆಪ್‌ನಂತೆಯೇ, ತಾನಾಗಿ ಕೂಡಿಸಿಕೊಳ್ಳುವುದಿಲ್ಲ.

ಎರಡನೆಯದು, ಪೂರ್ಣ ಪದವನ್ನು ಮಾತ್ರ ಹುಡುಕು ಎನ್ನುವ ಡಬ್ಲ್ಯು ಆಯ್ಕೆಯನ್ನು ಕನ್ನಡದಲ್ಲಿ ಬಳಸಬೇಡಿ. ನಮ್ಮ ವಿಭಕ್ತಿಗಳು ಪದಕ್ಕೆ ಅಂಟಿಕೊಂಡೇ ಬರುವುದರಿಂದ, ನೀರುಗಂಟಿಯ, ನೀರುಗಂಟಿಗೆ, ನೀರುಗಂಟಿಗಳು ಎಲ್ಲವೂ ತಪ್ಪಿಹೋಗುತ್ತವೆ. ಅದರ ಬದಲು ಪದದ ಮೊದಲ ಭಾಗವನ್ನು ಮಾತ್ರ ಕೊಟ್ಟು, ಅದರಿಂದ ಆರಂಭವಾಗುವ ರೂಪಗಳನ್ನೆಲ್ಲ ಎಣಿಕೆಯೊಂದಿಗೆ ಪಟ್ಟಿಮಾಡಿ ನೋಡಿ. ಇಲ್ಲಿಯೂ ಇ ದೊಡ್ಡದು, ಒ ಮತ್ತು ಎಚ್ ಸಣ್ಣವು:

ಗ್ರೆಪ್ -ಆರ್ -ಒ -ಎಚ್ -ಇ 'ನೀರು?ಗ[^ ]*' . | ಸಾರ್ಟ್ | ಯುನಿಕ್ -ಸಿ | ಸಾರ್ಟ್ -ಆರ್ -ಎನ್

ಒ ಎಂಬುದು ಇಡೀ ಸಾಲಿನ ಬದಲು ಹೊಂದಿದ ಭಾಗವನ್ನು ಮಾತ್ರ ಕೊಡುತ್ತದೆ, ಎಚ್ ಕಡತದ ಹೆಸರನ್ನು ತೆಗೆಯುತ್ತದೆ, ಉಳಿದ ಮೂರು ಸೇರಿ ಒಂದೇ ರೂಪದವನ್ನು ಒಟ್ಟುಗೂಡಿಸಿ ಹೆಚ್ಚಿನದನ್ನು ಮೇಲೆ ತರುತ್ತವೆ. ಪಟ್ಟಿಯ ಕೆಳತುದಿಯಲ್ಲಿ ಒಂದೆರಡು ಸಲ ಮಾತ್ರ ಬಂದ ರೂಪಗಳನ್ನು ತಾಳ್ಮೆಯಿಂದ ಓದಿ. ಕಾಗುಣಿತದ ತಪ್ಪುಗಳೂ, ನೀವು ಊಹಿಸಿರದ ಉಚ್ಚಾರಣೆಗಳೂ ಅಲ್ಲೇ ಇರುತ್ತವೆ.

ಪ್ರಶ್ನಿಸಿದವರು

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಎರಡು ದಿನ ಕುಳಿತು ಎಲ್ಲವನ್ನೂ ಒಂದೊಂದಾಗಿ ಮಾಡಿದೆ, ಸಿಕ್ಕಿದ್ದನ್ನು ಇಲ್ಲಿ ಬರೆಯುವುದು ನನ್ನ ಕರ್ತವ್ಯ.

ಹಲಂತದ ಹುಡುಕಾಟದಿಂದ ಬಂದ ಪಟ್ಟಿ ನೋಡಿ ನನಗೆ ಕೈ ನಡುಗಿತು. ಮುಳಬಾಗಿಲಿನ ಹೆಚ್ಚಿನ ಕಡತಗಳು ಅದರಲ್ಲಿದ್ದವು. ಆ ತಾಲ್ಲೂಕನ್ನು ನೋಡಿಕೊಂಡ ಗೆಳತಿ ಹಳೆಯ ವಿಂಡೋಸ್ ಕಂಪ್ಯೂಟರಿನಲ್ಲಿ ಬರೆಯುತ್ತಿದ್ದರು, ಫೈಲ್ ಕಮಾಂಡ್ ಅವೆಲ್ಲ ಯುಟಿಎಫ್-16 ಎಂದು ತೋರಿಸಿತು. ಐಕಾನ್ವ್‌ನಿಂದ ಪ್ರತ್ಯೇಕ ನಕಲು ಮಾಡಿಕೊಂಡೆ. ಅಜ್ಜಿಯ ಕಡತ ಮಾತ್ರ ಆ ಪಟ್ಟಿಯಲ್ಲಿರಲಿಲ್ಲ. ಅದರಿಂದ ಪದವನ್ನು ಕಾಪಿ ಮಾಡಿ ಎಣಿಸಿದಾಗ 27 ಬಂತು. ಅದು ಮೊದಲು ಹಳೆಯ ಫಾಂಟಿನಲ್ಲಿದ್ದು ಆಮೇಲೆ ಪರಿವರ್ತಿಸಿದ ಕಡತವೆಂದು ಗೆಳತಿಯನ್ನು ಕೇಳಿ ತಿಳಿದುಕೊಂಡೆ. ಶ್ರೀನಿವಾಸಪುರದ ಕಡತಗಳಲ್ಲಿ ಒಬ್ಬರು ಎಲ್ಲೆಡೆಯೂ ಅನುಸ್ವಾರಕ್ಕೆ ಅಂಕಿ ಸೊನ್ನೆಯನ್ನೇ ಬಳಸಿದ್ದಾರೆ, ಚೌಕ ಆವರಣದ ಮಾದರಿ ಕೊಟ್ಟೊಡನೆ ಅವೂ ಸಾಲುಗಟ್ಟಿ ಬಂದವು.

ಇಷ್ಟೆಲ್ಲ ಆದ ಮೇಲೂ ಆಂಧ್ರದ ಗಡಿಗೆ ಹತ್ತಿರವಿರುವ ಕೆಲವು ಊರುಗಳ ಕಡತಗಳು ಉಳಿದಿದ್ದವು. ರೂಪಗಳ ಪಟ್ಟಿಯನ್ನು ಕೆಳತುದಿಯವರೆಗೆ ಓದಿದಾಗ ಅಲ್ಲಿ 'ನೀರುಗಟ್ಟಿ' ಎಂಬುದು ಏಳು ಸಲ ಬಂದಿತ್ತು. ನಾನು ಮೊದಲು ಟೈಪಿಂಗ್ ತಪ್ಪೆಂದುಕೊಂಡೆ. ಧ್ವನಿಮುದ್ರಿಕೆ ತೆಗೆದು ಕೇಳಿದರೆ, ಮನೆಯಲ್ಲಿ ತೆಲುಗು ಮಾತನಾಡುವ ಆ ಹಿರಿಯರು ಸ್ಪಷ್ಟವಾಗಿ ಹಾಗೆಯೇ ಹೇಳಿದ್ದಾರೆ, ನಮ್ಮ ಗೆಳತಿ ಕೇಳಿದ್ದನ್ನು ಕೇಳಿದಂತೆ ಬರೆದಿದ್ದಾರೆ.

ಪೂರ್ವದ ಊರುಗಳಲ್ಲಿ ನೆನಪು ಅಳಿದಿದೆ ಎಂಬ ವಾಕ್ಯವನ್ನು ಕರಡಿನಿಂದ ತೆಗೆದುಹಾಕಿದ್ದೇನೆ. ಯಾವ ರೂಪವೂ ಸಿಗದ ಕಡತಗಳ ಪಟ್ಟಿಯಲ್ಲಿ ಈಗ ಎರಡು ಊರುಗಳು ಮಾತ್ರ ಉಳಿದಿವೆ. ಅವುಗಳಲ್ಲಿ 'ತೂಬು' ಎಂದು ಹುಡುಕಿ, ದೊಡ್ಡ ಅಕ್ಷರದ ಸಿ ಆಯ್ಕೆಯಿಂದ ಹಿಂದುಮುಂದಿನ ಐದೈದು ಸಾಲುಗಳನ್ನೂ ತರಿಸಿಕೊಂಡು ಓದುತ್ತಿದ್ದೇನೆ. ಮೊದಲನೆಯ ಊರಿನಲ್ಲಿ ತೋಟಿಯೇ ತೂಬು ತೆಗೆಯುತ್ತಿದ್ದ ಎಂದು ಇಬ್ಬರು ಹೇಳಿದ್ದಾರೆ. ಎರಡನೆಯದನ್ನು ಇನ್ನೂ ಓದಿ ಮುಗಿಸಿಲ್ಲ.